ಕನ್ನಡ ಕಾದಂಬರಿಗೆ ಇ-ರೀಡರ್: ಒತ್ತಕ್ಷರದ ಕಾಟ, ಹಳೆ ಪುಸ್ತಕಗಳ ಭಾಗ್ಯ

ಬ್ಯಾಟರಿ ಎಷ್ಟು ದಿನ ಬರುತ್ತದೆ, ಮೆಮೊರಿ ಎಷ್ಟು, ನೀರು ಬಿದ್ದರೆ ಏನಾಗುತ್ತದೆ, ಇದೆಲ್ಲ ನೀವು ಆಗಲೇ ಓದಿರುತ್ತೀರಿ. ನಾನು ಹೇಳಬೇಕಾದದ್ದು ಒತ್ತಕ್ಷರದ ವಿಷಯ.

2021ರಲ್ಲಿ ಕೊಂಡ ಆರು ಇಂಚಿನ ಇ-ರೀಡರ್ ಇದು, ಅಂದರೆ ಇ-ಪುಸ್ತಕ ಓದಲೆಂದೇ ಇರುವ ಯಂತ್ರ. ಇವತ್ತಿಗೂ ದಿನಾ ಬಳಸುತ್ತೇನೆ. ಕಂಪನಿಯ ಹೆಸರು ಬೇಡ. ಗೆಳೆಯರ ಕೈಯಲ್ಲಿರುವ ಬೇರೆ ಯಂತ್ರಗಳಲ್ಲೂ ಇದೇ ತೊಂದರೆ ಕಂಡಿದ್ದೇನೆ.

ನಾನು ಓದುವುದು ಕತೆ, ಕಾದಂಬರಿ. ಅದರಲ್ಲೂ ಕನ್ನಡವೇ ಜಾಸ್ತಿ. ಪೆಟ್ಟಿಗೆ ಬಿಚ್ಚಿದ ಸಂಜೆಯೇ ಒಂದು ಕನ್ನಡ ಇಪಬ್ (ಇ-ಪುಸ್ತಕದ ಕಡತ) ಹಾಕಿದೆ. ಕತೆಯಲ್ಲಿ ಲಕ್ಷ್ಮಿ ಎಂಬ ಹುಡುಗಿ ಬರುತ್ತಾಳೆ. ಪರದೆಯ ಮೇಲೆ ಅವಳು ‘ಲಕ್‌ಷ್‌ಮಿ’ ಆಗಿದ್ದಳು. ಸ್ತ್ರೀ ಹೋಗಿ ‘ಸ್‌ತ್‌ರೀ’ ಆಗಿತ್ತು. ಪುಟದ ತುಂಬ ಹೀಗೇ. ಕತೆಯೊಳಗೆ ಇಳಿಯಬೇಕು ಅನ್ನುವಷ್ಟರಲ್ಲಿ ಒಂದು ಅಕ್ಷರ ಅಡ್ಡ ಬರುತ್ತಿತ್ತು. ಹತ್ತು ಸಾವಿರದ ಆಸುಪಾಸು ಕೊಟ್ಟು ತಂದ ವಸ್ತು ನಮ್ಮ ಭಾಷೆಯನ್ನು ಹೀಗೆ ಮುರಿದು ತೋರಿಸಿದರೆ ಸಿಟ್ಟು ಬರುತ್ತದೆ ಅಲ್ವಾ? ನನಗಂತೂ ವಿಪರೀತ ಬಂತು. ಇಂಗ್ಲಿಷ್ ಪುಸ್ತಕ ತೆರೆದರೆ ಅದೇ ಪರದೆ ಅಚ್ಚಿನ ಪುಟದಷ್ಟು ಚೆಂದ. ಅದನ್ನು ನೋಡಿದಾಗ ಹೊಟ್ಟೆ ಇನ್ನಷ್ಟು ಉರಿಯಿತು.

ಕಾರಣ ತಿಳಿದುಕೊಂಡರೆ ಒಳ್ಳೆಯದು. ಯುನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಸಾಮಾನ್ಯ ಪದ್ಧತಿ. ಯುನಿಕೋಡ್ ಕಡತದಲ್ಲಿ ಒತ್ತಕ್ಷರ ಅಂತ ಬೇರೆ ಇರುವುದಿಲ್ಲ. ವ್ಯಂಜನ, ಅದರ ಸ್ವರ ತೆಗೆಯುವ ಗುರುತು, ಆಮೇಲೆ ಇನ್ನೊಂದು ವ್ಯಂಜನ, ಹೀಗೆ ಸಾಲಾಗಿ ಇರುತ್ತವೆ. ಅವನ್ನು ಕೂಡಿಸಿ, ಒತ್ತನ್ನು ಕೆಳಗಿಳಿಸಿ, ಅರ್ಕಾವೊತ್ತನ್ನು ಅಕ್ಷರದ ಆಚೆ ಕೂರಿಸುವ ಕೆಲಸ ಯಂತ್ರದೊಳಗಿನ ತಂತ್ರಾಂಶದ್ದು. ಅದಕ್ಕೆ ಕನ್ನಡ ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಫಾಂಟ್ ಹಾಕಿದರೂ ಪ್ರಯೋಜನವಿಲ್ಲ.

ನನ್ನ ಯಂತ್ರದಲ್ಲಿ ಕೆಓರೀಡರ್ ಎಂಬ ಉಚಿತ ತಂತ್ರಾಂಶ ಹಾಕಲು ಅವಕಾಶವಿತ್ತು. ಅದರಲ್ಲಿ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಜೊತೆಗೆ ನೋಟೊ ಸೆರಿಫ್ ಕನ್ನಡ ಫಾಂಟ್ ಹಾಕಿದೆ. ಲಕ್ಷ್ಮಿ ಸರಿಯಾದಳು. ರಾಷ್ಟ್ರ, ಕರ್ತವ್ಯ, ದಾರಿದ್ರ್ಯ ಎಲ್ಲ ನೆಟ್ಟಗೆ ಕೂತವು. ನೀವು ಇ-ರೀಡರ್ ಕೊಳ್ಳುವುದಾದರೆ ಇಂಥ ನಾಲ್ಕೈದು ಪದ ಇರುವ ಒಂದು ಚಿಕ್ಕ ಇಪಬ್ ಮಾಡಿಟ್ಟುಕೊಳ್ಳಿ. ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಲ್ಲಿ ಐದು ನಿಮಿಷದ ಕೆಲಸ. ಅದನ್ನು ತೆರೆದು ನೋಡದೆ ದುಡ್ಡು ಕೊಡಬೇಡಿ. ಅಂಗಡಿಯವರ ‘ಎಲ್ಲ ಭಾಷೆನೂ ಬರುತ್ತೆ’ ಅನ್ನುವ ಮಾತು ಸಾಲದು.

ಯುನಿಕೋಡ್‌ಗಿಂತ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳ ಕತೆ ಬೇರೆ. ಅವನ್ನು ಮೊದಲು ಕಂಪ್ಯೂಟರಿನಲ್ಲಿ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ರಾಶಿ.

ಇಷ್ಟು ಸಿಟ್ಟಿದ್ದರೂ ಇದನ್ನು ಮಾರಲಿಲ್ಲ. ಈ ಯಂತ್ರ ನನ್ನ ಓದಿನ ಅಭ್ಯಾಸವನ್ನೇ ಬದಲಾಯಿಸಿದೆ.

ನಾನು ಓದು ಕಲಿತದ್ದು ಬೀದಿ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ. ವಾರಪತ್ರಿಕೆಯ ಧಾರಾವಾಹಿಗೆ ಕಾಯುತ್ತಿದ್ದ ಮನೆ ನಮ್ಮದು. ಪತ್ರಿಕೆ ಬಂದರೆ ಮೊದಲು ಅಮ್ಮ, ಆಮೇಲೆ ಅತ್ತೆ, ಆಮೇಲೆ ನಾನು. ಬಾಡಿಗೆ ಪುಸ್ತಕ ನಾಳೆ ವಾಪಸ್ ಕೊಡಬೇಕು ಅಂತ ಗಬಗಬ ಓದುತ್ತಿದ್ದೆ. ಮೊಬೈಲ್ ಬಂದ ಮೇಲೆ ಕಾದಂಬರಿ ಮೂಲೆ ಸೇರಿತು. ಒಂದು ಅಧ್ಯಾಯ ಮುಗಿಸುವಷ್ಟು ಹೊತ್ತು ಮನಸ್ಸು ನಿಲ್ಲುತ್ತಿರಲಿಲ್ಲ.

ಈಗ ರಾತ್ರಿ ಊಟವಾಗಿ, ಹಾಲಿಗೆ ಹೆಪ್ಪು ಹಾಕಿ, ಮೊಬೈಲನ್ನು ಹಾಲ್‌ನಲ್ಲೇ ಚಾರ್ಜಿಗೆ ಇಟ್ಟು ಇದನ್ನು ಹಿಡಿದು ಮಲಗುತ್ತೇನೆ. ಬೆಳಕನ್ನು ಹಳದಿಗೆ ತಿರುಗಿಸಿ, ಪಕ್ಕದವರ ನಿದ್ದೆ ಕೆಡದಷ್ಟು ತಗ್ಗಿಸುತ್ತೇನೆ. ಅಕ್ಷರ ದೊಡ್ಡದು ಮಾಡುತ್ತೇನೆ. ಕನ್ನಡಕ ಬೇಡವೇ ಬೇಡ. ನಲವತ್ತು ದಾಟಿದವರಿಗೆ ಇದು ಎಂಥ ಸುಖ ಅಂತ ಬೇರೆ ಹೇಳಬೇಕಿಲ್ಲ. ಬಲಮಗ್ಗುಲಾಗಿ ಮಲಗಿ, ಹೆಬ್ಬೆರಳಲ್ಲಿ ಮುಟ್ಟಿದರೆ ಪುಟ ತಿರುಗುತ್ತದೆ. ಕರೆಂಟ್ ಹೋದರೂ ಓದು ನಿಲ್ಲುವುದಿಲ್ಲ. ಮೆಸೇಜ್ ಬರುವುದಿಲ್ಲ.

ನಾನು ನಿರೀಕ್ಷೆಯೇ ಮಾಡಿರದ ಇನ್ನೊಂದು ಖುಷಿ ಹಳೆಯ ಕಾದಂಬರಿಗಳಿಂದ ಸಿಕ್ಕಿತು. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಅವರ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿಸಿದ ಹಳೆ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ರಾಶಿ ರಾಶಿ ಇವೆ. ಸ್ಕ್ಯಾನ್ ಆದ್ದರಿಂದ ಒತ್ತಕ್ಷರದ ಕಾಟವೂ ಇಲ್ಲ. ಆದರೆ ಆರು ಇಂಚಿಗೆ ಇಡೀ ಪುಟ ಹಿಡಿಸುವುದಿಲ್ಲ, ಅಕ್ಷರ ಎಳ್ಳಿನಷ್ಟು. ಅದಕ್ಕೆ ಯಂತ್ರವನ್ನು ಅಡ್ಡ ಹಿಡಿಯುತ್ತೇನೆ. ಒಂದು ಸಲಕ್ಕೆ ಅರ್ಧ ಪುಟ ಮಾತ್ರ ಕಾಣುತ್ತದೆ. ಮುಂದೆ ಹಾರಿ ನೋಡಲು ಆಗುವುದಿಲ್ಲ. ನಾನು ನಿಧಾನವಾಗಿ ಓದಲು ಕಲಿತದ್ದು ಹೀಗೆ. ಆ ಕಾಲದ ಉದ್ದುದ್ದ ವಾಕ್ಯಗಳಿಗೆ ಈ ನಿಧಾನ ಚೆನ್ನಾಗಿ ಹೊಂದುತ್ತದೆ.

ಹಾಗೆ ಓದಿದ್ದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅಚ್ಚಾದದ್ದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಪಠ್ಯದಲ್ಲಿ ಒಂದು ಸಾಲು ಓದಿ ಪಾಸಾದವರು ನಾವೆಲ್ಲ. ಪುಸ್ತಕ ಕಂಡವರು ಕಡಿಮೆ. ಎಳೆ ವಯಸ್ಸಲ್ಲೇ ಗಂಡನನ್ನು ಕಳೆದುಕೊಂಡ ಹುಡುಗಿ ಮನೆ ಬಿಟ್ಟು ಬಂದು, ಓದು ಕಲಿತು, ಮತ್ತೆ ಮದುವೆಯಾಗುವ ಕತೆ. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದವರು. ಉಪದೇಶ ಜಾಸ್ತಿ ಇದೆ, ನಿಜ. ಆದರೂ ಆ ಹುಡುಗಿಯ ಧೈರ್ಯ ನನ್ನನ್ನು ಹಿಡಿದು ಕೂರಿಸಿತು.

ಅದರ ಹಿಂದೆಯೇ ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’, 1915ರದ್ದು. ಹೆಸರೇ ಗಾದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸೀಮೆಯ ಕತೆ. ಜನ ಮಾತಾಡುವ ರೀತಿ ಅದೆಷ್ಟು ಜೀವಂತ! ನೂರು ವರ್ಷ ದಾಟಿದ ಪುಸ್ತಕ ಅಂತ ಅನಿಸುವುದೇ ಇಲ್ಲ. ಈ ಎರಡನ್ನೂ ಅಂಗಡಿಯಲ್ಲಿ ನೋಡಿದ್ದರೆ ನಾನು ಕೈಗೆತ್ತಿಕೊಳ್ಳುತ್ತಿರಲಿಲ್ಲ.

ಹೊಸ ಪುಸ್ತಕಗಳಿಗೆ ಬಂದರೆ ಮತ್ತೆ ಬೇಜಾರು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತಾರಾಷ್ಟ್ರೀಯ ಬೂಕರ್ ಗೆದ್ದಿತು. ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕತೆಗಳು. ಇಂಗ್ಲಿಷ್ ಪುಸ್ತಕ ಕೂತಲ್ಲೇ ನನ್ನ ಯಂತ್ರಕ್ಕೆ ಇಳಿಯಿತು. ಮೂಲ ಕನ್ನಡ ಕತೆಗಳಿಗೆ ಅಂಗಡಿ ಸುತ್ತಬೇಕಾಯಿತು. ಕನ್ನಡದಲ್ಲೇ ಹುಟ್ಟಿದ ಕತೆ ಕನ್ನಡ ಓದುಗರ ಇ-ರೀಡರ್‌ಗೆ ಇಂಗ್ಲಿಷಿನಲ್ಲಿ ಮಾತ್ರ ಸಿಗುವುದು ಎಂಥ ಸಂಕಟ! ಕನ್ನಡ ಇ-ಪುಸ್ತಕ ಮಾರುವ ಆ್ಯಪ್‌ಗಳು ಇವೆ, ದುಡ್ಡು ಕೊಟ್ಟು ಕೊಂಡಿದ್ದೇನೆ. ಅವು ಮೊಬೈಲ್ ಆ್ಯಪ್ ಒಳಗೇ ತೆರೆಯುತ್ತವೆ, ಈ ಪರದೆಗೆ ಬರುವುದಿಲ್ಲ. ಯಾವುದರಿಂದ ದೂರ ಇರಬೇಕು ಅಂತ ಇದನ್ನು ಕೊಂಡೆನೋ ಅದೇ ಮೊಬೈಲಿಗೆ ವಾಪಸ್ ಹೋಗಿ ಓದಬೇಕು.

ಹಾಗಾಗಿ ಈಗ ಹಳೆಯದು ಯಂತ್ರದಲ್ಲಿ, ಹೊಸದು ಕಾಗದದಲ್ಲಿ. ಪುಸ್ತಕಕ್ಕೆ ಅಂತ ತಿಂಗಳಿಗೆ ಸಾವಿರ ರೂಪಾಯಿ ಎತ್ತಿಡುತ್ತೇನೆ. ಮೊದಲು ಅದು ಹಳೆ ಕಾದಂಬರಿಗಳ ಮರುಮುದ್ರಣಕ್ಕೇ ಮುಗಿಯುತ್ತಿತ್ತು. ಈಗ ಪೂರ್ತಿ ಇಂದು ಬರೆಯುತ್ತಿರುವವರಿಗೆ. ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ ಹಾಗೆ ಮನೆಗೆ ಬಂತು. ಲಿಸ್ಬನ್ನಿನ ನದಿಯಿಂದ ವಿಜಯನಗರದ ನದಿಯವರೆಗೆ ಹರಿಯುವ ದೊಡ್ಡ ಕಾದಂಬರಿ. ಅಷ್ಟು ದಪ್ಪದ ಪುಸ್ತಕವನ್ನು ಬಿಡದೆ ಓದಿಸಿಕೊಂಡ ಖುಷಿಯಲ್ಲಿ ನಾದಿನಿಗೂ ಒಂದು ಪ್ರತಿ ಕೊಡಿಸಿದೆ.

ನನ್ನ ತೀರ್ಮಾನ ಇಷ್ಟು. ಇಂಗ್ಲಿಷ್ ಕಾದಂಬರಿಯನ್ನೇ ಹೆಚ್ಚಾಗಿ ಓದುವವರು ಕಣ್ಣು ಮುಚ್ಚಿ ಕೊಳ್ಳಬಹುದು. ಕನ್ನಡಕ್ಕೆ ಅಂತಲೇ ಕೊಳ್ಳುವವರು ಹೊರಗಿನ ತಂತ್ರಾಂಶ ಹಾಕಲು ಬಿಡುವ ಮಾಡೆಲ್ಲನ್ನೇ ಆರಿಸಿ, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಕ್ಯಾನ್ ಪುಸ್ತಕಗಳೇ ನಿಮ್ಮ ಆಸೆಯಾದರೆ ಆರು ಇಂಚಿನದು ಬೇಡ. ಸ್ವಲ್ಪ ದುಡ್ಡು ಕೂಡಿಸಿ ಎಂಟು ಇಂಚಿನದು ತೆಗೆದುಕೊಳ್ಳಿ.