ಲಿಬ್ರೆಆಫೀಸ್ ರೈಟರ್‌ನ ಪತ್ರ ವಿಝಾರ್ಡ್: ವ್ಯವಹಾರ ಪತ್ರಕ್ಕೆ ನೆಚ್ಚಬಹುದಾದ ಚೌಕಟ್ಟು

ವ್ಯವಹಾರ ಪತ್ರಗಳನ್ನು ಆಗಾಗ ಬರೆಯಬೇಕಾದವರಿಗೆ ಬರವಣಿಗೆಯ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿರುವ ಪತ್ರ ವಿಝಾರ್ಡ್ ಅನ್ನು, ಅಂದರೆ ಹಂತ ಹಂತವಾಗಿ ಪ್ರಶ್ನೆ ಕೇಳಿ ಪತ್ರದ ಚೌಕಟ್ಟು ಸಿದ್ಧಪಡಿಸಿಕೊಡುವ ಸಾಧನವನ್ನು, ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ತಂತ್ರಾಂಶವೂ ಉಚಿತ. ಫೈಲ್ ಮೆನುವಿನಿಂದ ಇದನ್ನು ತೆರೆದು ವ್ಯವಹಾರ ಪತ್ರವೆಂದು ಆಯ್ದುಕೊಂಡರೆ, ವಿಷಯದ ಸಾಲು, ಸಂಬೋಧನೆ, ಮುಕ್ತಾಯದ ವಂದನೆ, ಪುಟದ ಕೆಳಗಿನ ವಿವರ ಇವುಗಳಲ್ಲಿ ಯಾವುವು ಬೇಕೆಂದು ಕೇಳಿ, ಕೊನೆಗೆ ಎಲ್ಲವನ್ನೂ ಮತ್ತೆ ಮತ್ತೆ ಬಳಸಬಹುದಾದ ಟೆಂಪ್ಲೇಟ್ ಆಗಿ ಉಳಿಸಿಕೊಡುತ್ತದೆ. ನನಗೆ ಬಹಳ ಮೆಚ್ಚುಗೆಯಾದದ್ದು ಲೆಟರ್‌ಹೆಡ್‌ನ, ಅಂದರೆ ಸಂಸ್ಥೆಯ ಹೆಸರು, ಲಾಂಛನ ಮೊದಲೇ ಅಚ್ಚಾದ ಕಾಗದದ, ವ್ಯವಸ್ಥೆ. ಮೊದಲೇ ಮುದ್ರಿತವಾಗಿರುವ ಲಾಂಛನದ ಎತ್ತರ, ಅಗಲ ಮತ್ತು ಅಂಚಿನಿಂದ ಅದಕ್ಕಿರುವ ದೂರವನ್ನು ನಮೂದಿಸಿದರೆ ಆ ಜಾಗವನ್ನು ವಿಝಾರ್ಡ್ ಖಾಲಿ ಬಿಡುತ್ತದೆ. ಲಕೋಟೆಗಾಗಿ ಕಾಗದ ಮಡಚುವ ಗುರುತನ್ನೂ ಹಾಕಿಸಿಕೊಳ್ಳಬಹುದು. ಸಂಬೋಧನೆಯ ಸಿದ್ಧ ವಾಕ್ಯವನ್ನು ಮಾತ್ರ ಹಾಗೆಯೇ ಬಿಡದೆ, ಪತ್ರ ತಲುಪಬೇಕಾದವರ ಹೆಸರು ಅಥವಾ ಹುದ್ದೆ ಗೊತ್ತಿದ್ದಲ್ಲಿ ಅದನ್ನೇ ಬರೆಯಬೇಕೆಂಬುದು ನನ್ನ ಸಲಹೆ.