ಮಧ್ಯಾಹ್ನ ಮೂರರ ಓಟಕ್ಕೆ ಬೇಕಲವೋ, ಕಸಬಾ ಬಂದರೋ?

ಬೆಳಿಗ್ಗೆ ಅಂಗಡಿ ತೆಗೆಯಬೇಕು, ಬಾಗಿಲು ಹಾಕುವಾಗ ರಾತ್ರಿ ಒಂಬತ್ತು. ಓಡಲು ನನಗೆ ಸಿಗುವ ಬಿಡುವು ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಕಾಸರಗೋಡಿನ ಸೆಖೆಯಲ್ಲಿ ಆ ಹೊತ್ತಿಗೆ ಓಡುವುದಾದರೆ ಕಡಲ ಬದಿಯೇ ಆಗಬೇಕು. ನೆಲ ಕಾದಂತೆ ಕಡಲಿನಿಂದ ಗಾಳಿ ಏಳುತ್ತದೆ. ಬೇಸಗೆಯ ಮಧ್ಯಾಹ್ನ ನಮ್ಮಲ್ಲಿ ಅದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ.

ಮೊದಲು ಹೋದದ್ದು ಬೇಕಲಕ್ಕೆ. ಶಿವಪ್ಪ ನಾಯಕನ ಕೋಟೆ ಕಣ್ಣೆದುರಿಗಿರುವಾಗ ಓಡುವ ಸುಖವೇ ಬೇರೆ. ನೀರು ಇಳಿದಿದ್ದರೆ ಹಸಿ ಹೊಯಿಗೆ ಗಟ್ಟಿಯಾಗಿರುತ್ತದೆ. ಹೆಜ್ಜೆ ಊರಿದಾಗ ಪಾದದ ಸುತ್ತ ಅಂಗೈಯಗಲ ಒಣಗಿದಂತೆ ಬಿಳಿಚುತ್ತದೆ, ಕಾಲೆತ್ತಿದರೆ ಮತ್ತೆ ನೀರು ಜಿನುಗುತ್ತದೆ. ಆದರೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಮೂರಕ್ಕೆ ಸಿಕ್ಕಿದ್ದು ನಾಲ್ಕು ದಿನ ಕಳೆದರೆ ಆರು ದಾಟಿರುತ್ತದೆ. ಉಬ್ಬರವಿದ್ದರೆ ಮೇಲಿನ ಸಡಿಲ ಹೊಯಿಗೆಯೇ ಗತಿ. ಅರ್ಧ ಕಿಲೋಮೀಟರಿಗೇ ಮೀನಖಂಡ ಹಿಡಿದುಕೊಳ್ಳುತ್ತದೆ.

ಮಂಜೇಶ್ವರದ ಹೊಸ ಬಂದರಿಗೆ ಎರಡು ಸಲ ಹೋದೆ. ಹೋಗಿ ಬರುವುದರಲ್ಲೇ ಬಿಡುವು ಮುಗಿಯಿತು, ಬಿಟ್ಟೆ.

ನನಗೆ ಒಗ್ಗಿದ್ದು ಕಸಬಾ, ಕಾಸರಗೋಡಿನದೇ ಮೀನುಗಾರಿಕೆ ಬಂದರು. ನೆಲ್ಲಿಕುಂಜೆಯಲ್ಲಿ ಬೈಕ್ ನಿಲ್ಲಿಸಿ, ತೆಂಕಕ್ಕೆ ಚಂದ್ರಗಿರಿಯ ಅಳಿವೆಯ ಕಡೆ ಓಡಿ, ಬಂದರು ಮುಟ್ಟಿ ವಾಪಸ್. ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ಸುಲಭ ಅನ್ನಿಸಿದರೂ ಗಾಳಿ ನಮ್ಮ ಜೊತೆಗೇ ಬರುವುದರಿಂದ ಬೆವರು ಆರುವುದಿಲ್ಲ, ಅಂಗಿ ಮೈಗಂಟುತ್ತದೆ. ಬರುವಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ. ಕಾಲು ಸೋತಿರುತ್ತದೆ, ಓಟ ನಿಧಾನವಾಗುತ್ತದೆ, ಮೈ ಮಾತ್ರ ತಣ್ಣಗಾಗುತ್ತದೆ. ಎದುರುಗಾಳಿಯನ್ನು ಮೊದಲೇ ಮುಗಿಸಿಕೊಳ್ಳಿ ಎನ್ನುವವರಿದ್ದಾರೆ. ಮುಂಜಾನೆಗೆ ಅದು ಸರಿಯಿರಬಹುದು; ಮಧ್ಯಾಹ್ನದ ಬಿಸಿಲಿಗೆ ನಾನು ಒಪ್ಪುವುದಿಲ್ಲ. ತಂಪು ಬೇಕಾಗುವುದು ಕೊನೆಯ ಎರಡು ಕಿಲೋಮೀಟರಿಗೆ.

ಬಂದರಿನ ಒಳಗೆ ಮಾತ್ರ ಓಡಬೇಡಿ, ನಡೆಯಿರಿ. ಐಸ್ ಕರಗಿದ ನೀರು, ಮೀನಿನ ಪೊರೆ ಸೇರಿ ಕಾಂಕ್ರೀಟು ಎಣ್ಣೆ ಚೆಲ್ಲಿದ ಹಾಗಿರುತ್ತದೆ. ಮೊದಲ ವಾರವೇ ಜಾರಿ ಬಿದ್ದು ಮೊಣಕೈ ತರಚಿಕೊಂಡೆ. ಬಲೆಯ ಹರಕು ಹೊಲಿಯುತ್ತಿದ್ದ ಅಜ್ಜನೊಬ್ಬರು ಕುಡಿಯುವ ನೀರಿನ ಬಾಟಲಿ ಕೊಟ್ಟು, ಗಾಯ ತೊಳೆಯುವವರೆಗೆ ಬಿಡಲಿಲ್ಲ. "ಮೋನೇ, ಇಲ್ಲಿ ನಾವೂ ಓಡುವುದಿಲ್ಲ," ಎಂದು ಮಲಯಾಳದಲ್ಲಿ ಹೇಳಿದರು. ಈಗ ದಿನವೂ ಅವರ ದೋಣಿಯ ನೆರಳಿನವರೆಗೆ ಹೋಗಿ, ಎರಡು ಮಾತಾಡಿ, ಅಲ್ಲಿಂದಲೇ ತಿರುಗುತ್ತೇನೆ.