ಜಿಟಿಎ 5ಕ್ಕೆ ಅಂಗಡಿಯ ‘ರೆಡಿ ಗ್ರಾಫಿಕ್ಸ್ ಪ್ಯಾಕ್’ ಹಾಕಿಸುವ ಮುನ್ನ ಇದನ್ನು ಓದಿ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಪುಣೆಯ ತಪಕೀರ್ ಗಲ್ಲಿಯಲ್ಲಾಗಲಿ ಹೊಸ ಪಿಸಿ ಕಟ್ಟಿಸುವಾಗ ಅಂಗಡಿಯವನು “ಜಿಟಿಎ ಫುಲ್ ಗ್ರಾಫಿಕ್ಸ್ ಡಾಲ್‌ಕೇ ದೇತಾ ಹೂಂ” (ಜಿಟಿಎ ಆಟಕ್ಕೆ ಫುಲ್ ಗ್ರಾಫಿಕ್ಸ್ ಹಾಕಿ ಕೊಡ್ತೀನಿ) ಅಂದರೆ ದಯವಿಟ್ಟು ಬೇಡ ಅನ್ನಿ. ಪುಕ್ಕಟೆ ಅಂದರೂ ಬೇಡ. ಆಟದ ಬೆಳಕು, ಬಣ್ಣ, ಹವಾಮಾನ ಬದಲಿಸುವ ಮಾಡ್‌ಗಳನ್ನು (ಹೊರಗಿನವರು ಮಾಡಿದ ಬದಲಾವಣೆಯ ಫೈಲುಗಳು) ಕಟ್ಟಿಟ್ಟು ಹಾರ್ಡ್ ಡಿಸ್ಕಿನಿಂದ ಒಂದೇ ಸಲಕ್ಕೆ ಸುರಿಯುವ ಆ ಪ್ಯಾಕ್ ಮೊದಲ ದಿನ ಚೆಂದವೇ ಕಾಣುತ್ತದೆ. ತಾಪತ್ರಯ ಶುರುವಾಗುವುದು ಅದನ್ನು ತೆಗೆಯಬೇಕು, ಇಲ್ಲವೇ ಬೇರೊಂದಕ್ಕೆ ಬದಲಾಯಿಸಬೇಕು ಅಂದಾಗ.

ಡೊಂಬಿವಲಿಯ ಕನ್ನಡದ ಹುಡುಗನೊಬ್ಬನ ಪಿಸಿಯಲ್ಲಿ ಆದದ್ದು ಹೀಗೆ. ಅಂಗಡಿಯವರು 500 ರೂಪಾಯಿ ಮೇಲೆ ತೆಗೆದುಕೊಂಡು, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯಿಂದ ಇಳಿಸಿದ ಜಿಟಿಎ 5 ಲೆಗಸಿಯ (ಆಟದ ಹಳೆಯ ಆವೃತ್ತಿ) ಫೋಲ್ಡರಿನೊಳಕ್ಕೇ ಪ್ಯಾಕ್ ಬಿಚ್ಚಿ ಕೊಟ್ಟಿದ್ದರು. ಕೆಲವು ದಿನ ಆಡಿದ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳು) ಸಾಲದು ಅನ್ನಿಸಿ ಅವನು ಹಗುರವಾದ ಇನ್ನೊಂದು ಗ್ರಾಫಿಕ್ಸ್ ಮಾಡ್ ಇಳಿಸಿ ಅದರ ಮೇಲೆಯೇ ಹಾಕಿದ. ಆಟದೊಳಗೆ ರಾತ್ರಿ ಹನ್ನೆರಡಕ್ಕೂ ಆಕಾಶ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು, ಹೆಡ್‌ಲೈಟ್ ಹಾಕಿದರೂ ರಸ್ತೆ ಕಪ್ಪು. ಸ್ಟೀಮಿನಲ್ಲಿ ವೆರಿಫೈ ಮಾಡಿದ, ಹೋಗಲಿಲ್ಲ. ಆಟವನ್ನೇ ಅನ್‌ಇನ್‌ಸ್ಟಾಲ್ ಮಾಡಿ 100 ಜಿಬಿಗೂ ಮಿಕ್ಕಿದ ಡೌನ್‌ಲೋಡ್ ಮತ್ತೆ ಮಾಡಿದ. ಈಗ ಬರೀ ಕಪ್ಪು ಪರದೆ, ಆಟವೇ ಏಳದು. ಪಿಸಿಯನ್ನು ಅಂಗಡಿಗೆ ಹೊತ್ತುಕೊಂಡು ಹೋದರೆ ಸಿಕ್ಕ ಉತ್ತರ: ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಬದಲಾಯಿಸಿ. “ಅಣ್ಣಾ, ಹೊಸ ಕಾರ್ಡೇ ತಗೋಬೇಕಂತೆ” ಅನ್ನುವ ಹಂತಕ್ಕೆ ಬಂದಾಗ ಯಾರೋ ಗೇಮ್ ಫೋಲ್ಡರ್ ತೆರೆದು ನೋಡಿದರು. ಕಾರ್ಡಿಗೆ ಏನೂ ಆಗಿರಲಿಲ್ಲ.

ಫೋಲ್ಡರಿನಲ್ಲಿ ಇದ್ದದ್ದು ಹಳೇ ಪ್ಯಾಕಿನ ಪಳೆಯುಳಿಕೆ. ಸ್ಟೀಮಿನ ವೆರಿಫೈ ಎಂಬುದು ತನ್ನ ಪಟ್ಟಿಯಲ್ಲಿರುವ ಫೈಲುಗಳು ಕೆಟ್ಟಿದ್ದರೆ, ಕಾಣೆಯಾಗಿದ್ದರೆ ಮಾತ್ರ ಸರಿಪಡಿಸುತ್ತದೆ. ಪಟ್ಟಿಯಲ್ಲಿಲ್ಲದ ಹೆಚ್ಚುವರಿ ಫೈಲನ್ನು ಅದು ಮುಟ್ಟುವುದಿಲ್ಲ. ಅನ್‌ಇನ್‌ಸ್ಟಾಲ್ ಕೂಡ ಅಷ್ಟೇ, ತಾನು ಹಾಕಿದ್ದನ್ನು ತೆಗೆದು ಬೇರೆಯವರು ಹಾಕಿದ್ದನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಹಾಗಾಗಿ ಹೊಸದಾಗಿ ಇಳಿದ ಆಟದ ಪಕ್ಕದಲ್ಲಿ ‘ಮಾಡ್ಸ್’ ಫೋಲ್ಡರ್ ಹಾಗೇ ಕೂತಿತ್ತು. ಅದರೊಳಗಿನ ‘ಅಪ್‌ಡೇಟ್.ಆರ್‌ಪಿಎಫ್’ (ಆರ್‌ಪಿಎಫ್ ಎಂದರೆ ಆಟದ ಮಾಹಿತಿ ಕಟ್ಟಿಟ್ಟ ಫೈಲ್) ಹಳೆಯ ಆವೃತ್ತಿಯದು. ಆಟ ಹೊಸದು, ಓದಿಕೊಳ್ಳುತ್ತಿರುವ ಅಪ್‌ಡೇಟ್ ಹಳೆಯದು. ಕಪ್ಪು ಪರದೆ ಬರದೆ ಇನ್ನೇನು?

ಯಾವ ಫೈಲು ಯಾರದು ಎಂದು ಗೊತ್ತಿದ್ದರೆ ಇದರ ಮುಕ್ಕಾಲು ಪಾಲು ತಲೆನೋವು ಇರುವುದಿಲ್ಲ. ಲೆಗಸಿ ಆವೃತ್ತಿಯಲ್ಲಿ ಮೂರು ಡಿಎಲ್‌ಎಲ್ (ಪ್ರೋಗ್ರಾಂ ತುಣುಕಿನ ಫೈಲ್) ಮುಖ್ಯ. ‘ಡಿ3ಡಿ11.ಡಿಎಲ್‌ಎಲ್’ ಇದ್ದರೆ ಅದು ಸಾಮಾನ್ಯವಾಗಿ ಇಎನ್‌ಬಿ, ಆಟಕ್ಕೆ ಬೆಳಕು-ಬಣ್ಣದ ಪರಿಣಾಮ ಸೇರಿಸುವ ಟೂಲ್. ‘ಡಿಎಕ್ಸ್‌ಜಿಐ.ಡಿಎಲ್‌ಎಲ್’ ಇದ್ದರೆ ಸಾಮಾನ್ಯವಾಗಿ ರೀಶೇಡ್, ಅದೇ ಬಗೆಯ ಇನ್ನೊಂದು ಟೂಲ್. ‘ಡಿಇನ್‌ಪುಟ್8.ಡಿಎಲ್‌ಎಲ್’ ಎಂದರೆ ಎಎಸ್‌ಐ ಲೋಡರ್. ಮಾಡ್ ಹಾಕುವ ಟೂಲ್ ಓಪನ್‌ಐವಿಯ ಎಎಸ್‌ಐ ಫೈಲನ್ನು (ಆಟದೊಳಗೆ ಓಡುವ ಪ್ಲಗಿನ್) ಎಬ್ಬಿಸುವುದು ಇದೇ, ಆ ಎಎಸ್‌ಐ ಎದ್ದರೆ ಮಾತ್ರ ಆಟ ‘ಮಾಡ್ಸ್’ ಫೋಲ್ಡರಿನೊಳಗೆ ಇಣುಕುತ್ತದೆ. ಇವು ಮೂರೂ ಆಟದ ಸ್ವಂತ ಫೈಲುಗಳಲ್ಲ. ಹಾಗಾಗಿ ಮೂರರ ಹೆಸರಿನ ಕೊನೆಗೆ ‘.ಆಫ್’ ಅಂತ ಸೇರಿಸಿ ರೀನೇಮ್ ಮಾಡಿದರೆ ಸಾಕು, ‘ಮಾಡ್ಸ್’ ಫೋಲ್ಡರ್ ಎಷ್ಟೇ ದೊಡ್ಡದಿರಲಿ, ಆಟದ ಸ್ವಂತ ಫೈಲುಗಳನ್ನೇ ಬದಲಿಸಿರದಿದ್ದರೆ ಆಟ ಮೂಲ ರೂಪದಲ್ಲೇ ಏಳುತ್ತದೆ. ಕಾರ್ಡ್ ಹಾಳಾಗಿದೆಯೋ ಮಾಡ್ ಹಾಳು ಮಾಡಿದೆಯೋ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಆ ಹುಡುಗನಿಗೂ ಎರಡು ನಿಮಿಷದಲ್ಲಿ ಉತ್ತರ ಸಿಕ್ಕಿದ್ದು ಹೀಗೆಯೇ.

ಇಲ್ಲೊಂದು ಎಡವುವ ಕಲ್ಲಿದೆ. ‘ಡಿ3ಡಿಕಂಪೈಲರ್_46’ ಎಂಬ ಡಿಎಲ್‌ಎಲ್ ಆಟದ್ದೇ, ಅದನ್ನು ಮುಟ್ಟಬಾರದು. ಪಕ್ಕದಲ್ಲೇ ಕೊನೆಗೆ ‘ಇ’ ಅಕ್ಷರ ಅಂಟಿಸಿಕೊಂಡ ‘46ಇ’ ಇದೆಯಲ್ಲ, ಅದು ಇಎನ್‌ಬಿಯದು. ಅವಸರದಲ್ಲಿ ಎರಡನ್ನೂ ಅಳಿಸಿ ಕೂತವರಿದ್ದಾರೆ. ಅಳಿಸಿದ್ದರೆ ಈ ಒಂದು ವಿಷಯಕ್ಕೆ ಸ್ಟೀಮಿನ ವೆರಿಫೈ ನಿಜಕ್ಕೂ ಕೆಲಸ ಮಾಡುತ್ತದೆ.

ಇನ್ನು ಬೆಳ್ಳಗಿನ ರಾತ್ರಿಯ ಮಾತು. ಜಿಟಿಎ 5ರ ದೊಡ್ಡ ಗ್ರಾಫಿಕ್ಸ್ ಮಾಡ್‌ಗಳೆಲ್ಲ ಕೊನೆಗೆ ಕೈಹಾಕುವುದು ಒಂದೇ ಜಾಗಕ್ಕೆ: ‘ಅಪ್‌ಡೇಟ್.ಆರ್‌ಪಿಎಫ್’ ಒಳಗಿನ ‘ಕಾಮನ್’, ಅದರೊಳಗಿನ ‘ಡೇಟಾ’. ಬೆಳಕಿನ ಅಂಕಿಗಳಿರುವ ‘ವಿಷುಅಲ್‌ಸೆಟ್ಟಿಂಗ್ಸ್.ಡ್ಯಾಟ್’ ಅಲ್ಲಿದೆ, ‘ಟೈಮ್‌ಸೈಕಲ್’ ಫೋಲ್ಡರಿನಲ್ಲಿ ಒಂದೊಂದು ಹವಾಮಾನಕ್ಕೂ ಒಂದೊಂದು ಎಕ್ಸ್‌ಎಂಎಲ್ ಇದೆ. ಒಂದು ಮಾಡ್ ಇವನ್ನೆಲ್ಲ ಬದಲಿಸಿರುತ್ತದೆ, ಎರಡನೆಯದು ಅವುಗಳಲ್ಲಿ ಕೆಲವನ್ನಷ್ಟೇ ಬದಲಿಸುತ್ತದೆ. ಎರಡನೆಯದನ್ನು ಮೊದಲನೆಯದರ ಮೇಲೆ ಹಾಕಿದಾಗ ಸಿಗುವುದು ಅರ್ಧ ಅವರದು, ಅರ್ಧ ಇವರದು. ಮೇಲೆ ಇಎನ್‌ಬಿ ಕೂತಿದೆ. ಅದರ ಪ್ರೀಸೆಟ್ಟಿನ (ಯಾರೋ ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್ಸ್) ಬ್ಲೂಮ್ (ಬೆಳಕಿನ ಸುತ್ತಲ ಹೊಳಪು), ಎಕ್ಸ್‌ಪೋಶರ್ ಅಂಕಿಗಳನ್ನು ಹೊಂದಿಸಿರುವುದು ಮೊದಲ ಮಾಡಿನ ಆಕಾಶಕ್ಕೆ. ಆಕಾಶ ಬದಲಾಯಿತು, ಅಂಕಿ ಬದಲಾಗಲಿಲ್ಲ. ಒಂದು ಮಾಡಿನ ಹವಾಮಾನಕ್ಕೆ ಇನ್ನೊಂದರ ಇಎನ್‌ಬಿ ಕೂಡಿಸಬೇಡಿ. ಯೂಟ್ಯೂಬಿನಲ್ಲಿ ಚೆಂದ ಕಂಡದ್ದು ಸೆಟ್ಟಾಗಿ ಚೆಂದ ಕಂಡದ್ದು.

ಇಎನ್‌ಬಿ ಪ್ರೀಸೆಟ್ ಬದಲಿಸುವಾಗಲೂ ಇದೇ ರೋಗ. ‘ಇಎನ್‌ಬಿಸೀರೀಸ್’ ಫೋಲ್ಡರಿನೊಳಗೆ ಬ್ಲೂಮ್, ಲೆನ್ಸ್, ಪೋಸ್ಟ್‌ಪಾಸ್ ಎಂದು ಬೇರೆ ಬೇರೆ ಎಫ್‌ಎಕ್ಸ್ ಫೈಲುಗಳಿರುತ್ತವೆ. ಹೊಸ ಪ್ರೀಸೆಟ್ಟಿನಲ್ಲಿ ಲೆನ್ಸ್ ಫೈಲೇ ಇಲ್ಲ ಅಂದುಕೊಳ್ಳಿ. ಮೇಲೆ ಕಾಪಿ ಮಾಡಿದರೆ ಹಳೆಯ ಲೆನ್ಸ್ ಫೈಲ್ ಅಲ್ಲೇ ಉಳಿಯುತ್ತದೆ. ‘ರಿಪ್ಲೇಸ್’ ಒತ್ತಿದರೆ ಹಳೆಯದು ಹೋಯಿತು ಎಂದು ತಿಳಿಯುವುದೇ ತಪ್ಪು. ಮೊದಲು ಇಡೀ ಫೋಲ್ಡರನ್ನೂ ಎರಡು ಐಎನ್‌ಐ ಫೈಲನ್ನೂ (ಇಎನ್‌ಬಿಸೀರೀಸ್, ಇಎನ್‌ಬಿಲೋಕಲ್) ಹೊರಗೆ ಸಾಗಿಸಿ, ಆಮೇಲೆ ಹೊಸದನ್ನು ತನ್ನಿ.

ಸರಿಯಾಗಿ ಮಾಡುವ ಕ್ರಮ ಕಷ್ಟದ್ದೇನಲ್ಲ, ತಾಳ್ಮೆ ಬೇಕು ಅಷ್ಟೇ. ಆಟ ಶುದ್ಧವಾಗಿರುವಾಗ ಓಪನ್‌ಐವಿಯ ಎಎಸ್‌ಐ ಮ್ಯಾನೇಜರಿನಿಂದ ಲೋಡರ್ ಮತ್ತು ಓಪನ್‌ಐವಿ ಎಎಸ್‌ಐ ಹಾಕಿಕೊಳ್ಳಿ. ‘ಮಾಡ್ಸ್’ ಫೋಲ್ಡರ್ ಮಾಡಿ, ‘ಅಪ್‌ಡೇಟ್.ಆರ್‌ಪಿಎಫ್’ ಅನ್ನು ಅದರೊಳಗೆ ಮೂಲದಲ್ಲಿದ್ದ ದಾರಿಯಲ್ಲೇ, ಅಂದರೆ ‘ಮಾಡ್ಸ್’ ಒಳಗೆ ‘ಅಪ್‌ಡೇಟ್’ ಫೋಲ್ಡರ್ ಮಾಡಿ ಅದರೊಳಗೆ, ಕಾಪಿ ಮಾಡಿ. ‘ಎಕ್ಸ್64ಎ’ಯಿಂದ ‘ಡಬ್ಲ್ಯೂ’ವರೆಗಿನ ಆರ್‌ಪಿಎಫ್‌ಗಳನ್ನೆಲ್ಲ ಕಾಪಿ ಮಾಡಬೇಕಿಲ್ಲ, ಮಾಡ್ ಯಾವುದನ್ನು ಬದಲಿಸುತ್ತದೋ ಅದು ಸಾಕು. ಓಐವಿ ಪ್ಯಾಕೇಜ್ (ಓಪನ್‌ಐವಿಗೆಂದೇ ಕಟ್ಟಿದ ಮಾಡ್) ಹಾಕುವಾಗ ಓಪನ್‌ಐವಿ ಕೇಳುತ್ತದೆ, ‘ಮಾಡ್ಸ್’ ಫೋಲ್ಡರಿಗೋ ಗೇಮ್ ಫೋಲ್ಡರಿಗೋ ಎಂದು. ಇಲ್ಲಿ ಕಣ್ಣುಮುಚ್ಚಿ ನೆಕ್ಸ್ಟ್ ಒತ್ತಿದವರೇ ಆಮೇಲೆ ಅಳುವುದು. ಯಾವಾಗಲೂ ‘ಮಾಡ್ಸ್’. ಮಾಡ್ ಮಾಡಿದವರು ಬೇರೆಯಾಗಿ ಅನ್‌ಇನ್‌ಸ್ಟಾಲರ್ ಕೊಟ್ಟಿಲ್ಲವಾದರೆ ಹಾಕಿದ್ದನ್ನು ತೆಗೆಯುವ ಬಟನ್ ಇಲ್ಲ ಎಂಬುದೂ ನೆನಪಿರಲಿ.

ಎರಡು ಮಾಡ್ ಬೇಕೆಂದರೆ ಎರಡು ಫೋಲ್ಡರ್: ‘ಮಾಡ್ಸ್_ಭಾರಿ’, ‘ಮಾಡ್ಸ್_ಹಗುರ’. ಆಡುವಾಗ ಬೇಕಾದದ್ದಕ್ಕೆ ‘ಮಾಡ್ಸ್’ ಎಂದು ಹೆಸರಿಡಿ, ಇನ್ನೊಂದಕ್ಕೆ ಹಳೆ ಹೆಸರು. (ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಿ, ಕೆಲವು ಹಳೆಯ ಟೂಲುಗಳಿಗೆ ಬೇರೆ ಲಿಪಿ ಅರಗುವುದಿಲ್ಲ.) ಪ್ರತಿಯೊಂದರ ಜೊತೆ ಅದರ ಇಎನ್‌ಬಿ ಫೈಲುಗಳನ್ನೂ ಒಂದು ಪ್ರತ್ಯೇಕ ಫೋಲ್ಡರಿನಲ್ಲಿಡಿ, ಗೇಮ್ ಫೋಲ್ಡರಿಗೆ ಏನೇನು ಹೋಯಿತು ಎಂದು ನೋಟ್‌ಪ್ಯಾಡಿನಲ್ಲಿ ಬರೆದಿಡಿ. ಇದನ್ನೇ ಬ್ಯಾಚ್ ಫೈಲ್ (ತಾನಾಗಿ ಓಡುವ ಆದೇಶಗಳ ಪಟ್ಟಿ) ಮಾಡಿಕೊಳ್ಳುವವರು ವಿಂಡೋಸಿನ ಕಾಪಿ ಆದೇಶವಾದ ರೋಬೊಕಾಪಿಯ ‘ಮಿರ್’ ಸ್ವಿಚ್‌ನಿಂದ ದೂರವಿರಿ: ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿಯಲ್ಲಿ ಅಳಿಸುತ್ತದೆ. ಪ್ರೀಸೆಟ್ ಫೋಲ್ಡರನ್ನು ಗೇಮ್ ಫೋಲ್ಡರಿಗೆ ‘ಮಿರ್’ ಮಾಡಿದರೆ ಆಟವೇ ಖಾಲಿ.

ಆಟ ಮಾಡಿದ ಕಂಪನಿ ರಾಕ್‌ಸ್ಟಾರ್‌ನ ಅಪ್‌ಡೇಟ್ ಬಂದ ದಿನ ‘ಮಾಡ್ಸ್’ ಒಳಗಿನ ಆರ್‌ಪಿಎಫ್ ಹಳತಾಗುತ್ತದೆ. ಹೊಸ ‘ಅಪ್‌ಡೇಟ್.ಆರ್‌ಪಿಎಫ್’ ಕಾಪಿ ಮಾಡಿ ಮಾಡ್ ಮತ್ತೆ ಹಾಕಬೇಕು, ಬೇರೆ ದಾರಿ ಇಲ್ಲ. ಸ್ಕ್ರಿಪ್ಟ್‌ಹುಕ್‌ವಿ (ಸ್ಕ್ರಿಪ್ಟ್ ಮಾಡ್‌ಗಳನ್ನು ಓಡಿಸುವ ಪ್ಲಗಿನ್) ಇದ್ದರೆ ಅದೂ ‘ಅನ್‌ನೋನ್ ಗೇಮ್ ವರ್ಷನ್’ ಎಂದು ನಿಲ್ಲಿಸುತ್ತದೆ, ಅದರ ಹೊಸ ಆವೃತ್ತಿ ಬರುವವರೆಗೆ ಕಾಯಬೇಕು.

4ಕೆ ಟೆಕ್ಸ್ಚರ್ ಆಸೆಯ ಬಗ್ಗೆ ಒಂದು ಲೆಕ್ಕ. 4096×4096ರ ಒಂದು ಟೆಕ್ಸ್ಚರ್ (ವಸ್ತುವಿನ ಮೇಲ್ಮೈಗೆ ಹಚ್ಚುವ ಚಿತ್ರ) ಡಿಎಕ್ಸ್‌ಟಿ5 ಎಂಬ ಕುಗ್ಗಿಸಿದ ರೂಪದಲ್ಲಿ 16 ಎಂಬಿ, ಮಿಪ್‌ಮ್ಯಾಪ್ (ಅದೇ ಚಿತ್ರದ ಚಿಕ್ಕ ಪ್ರತಿಗಳು) ಸೇರಿ ಸುಮಾರು 21 ಎಂಬಿ. ಅದನ್ನೇ 2ಕೆ ಮಾಡಿದರೆ 5 ಎಂಬಿ ಚಿಲ್ಲರೆ. 4 ಜಿಬಿಯ ಜಿಟಿಎಕ್ಸ್ 1650ರಲ್ಲಿ 4ಕೆ ರಸ್ತೆ, 4ಕೆ ಕಟ್ಟಡ, 4ಕೆ ಗಿಡ ಎಲ್ಲ ತುಂಬಿದರೆ ಓಡುತ್ತ ಓಡುತ್ತ ರಸ್ತೆಯೇ ಮಾಯವಾಗುತ್ತದೆ. ಆಟದ ಸೆಟ್ಟಿಂಗ್ಸಿನಲ್ಲಿ ಕಾಣುವ ವಿಡಿಯೋ ಮೆಮೊರಿ ಪಟ್ಟಿಯನ್ನು ನಂಬಬೇಡಿ, ಅದಕ್ಕೆ ಮಾಡ್‌ಗಳ ಲೆಕ್ಕ ಗೊತ್ತಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಡೆಡಿಕೇಟೆಡ್ ಜಿಪಿಯು ಮೆಮೊರಿ ನೋಡಿ. ಇನ್ನು ಮೇ ತಿಂಗಳ ಮುಂಬಯಿ ಸೆಕೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಇಎನ್‌ಬಿ ಓಡಿಸುವವರಿಗೆ: ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಎಫ್‌ಪಿಎಸ್ ಕುಸಿದರೆ ಅದು ಬಿಸಿಯ ದೋಷ. ಶುರುವಿನಿಂದಲೇ ಕಡಿಮೆ ಇದ್ದರೆ ಪ್ರೀಸೆಟ್ ನಿಮ್ಮ ಕಾರ್ಡಿಗೆ ಭಾರ.

ಆನ್‌ಲೈನಿಗೆ ಮಾಡ್ ಸಮೇತ ಹೋಗಲೇಬೇಡಿ. 2024ರ ಸೆಪ್ಟೆಂಬರಿನಿಂದ ಜಿಟಿಎ ಆನ್‌ಲೈನಿನಲ್ಲಿ ಮೋಸದಾಟ ಹಿಡಿಯುವ ಬ್ಯಾಟಲ್‌ಐ ಇದೆ. ಮಾಡ್ ಹಾಕಿ ಕಥೆಯ ಭಾಗ ಆಡಬೇಕಾದರೆ ಲಾಂಚರಿನಲ್ಲಿ ಬ್ಯಾಟಲ್‌ಐ ಆಫ್ ಮಾಡಿ. ಆಫ್ ಮಾಡಿದಾಗ ಆನ್‌ಲೈನ್ ಸಿಗುವುದಿಲ್ಲ, ಅದೇ ಒಳ್ಳೆಯದು. ‘ಬರೀ ಗ್ರಾಫಿಕ್ಸ್ ತಾನೇ’ ಅನ್ನುವ ವಾದ ಬ್ಯಾನ್ ಆದ ಖಾತೆಯನ್ನು ವಾಪಸ್ ತರುವುದಿಲ್ಲ. 2025ರ ಮಾರ್ಚಿನಲ್ಲಿ ಬಂದ ಎನ್‌ಹಾನ್ಸ್‌ಡ್ ಆವೃತ್ತಿ ಡೈರೆಕ್ಟ್‌ಎಕ್ಸ್ 12ರದ್ದು, ಲೆಗಸಿಯ ಇಎನ್‌ಬಿ ಅದರಲ್ಲಿ ನಡೆಯುವುದಿಲ್ಲ. ಎರಡಕ್ಕೂ ಒಂದೇ ಪ್ಯಾಕ್ ಹಾಕಿಕೊಡುತ್ತೇನೆ ಅನ್ನುವವನಿಗೆ ಕೆಲಸ ಗೊತ್ತಿಲ್ಲ.

ಅಂಗಡಿಯ ಪ್ಯಾಕಿನಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಬೇರೆಯದು. ಟೆಕ್ಸ್ಚರ್, ಎಕ್ಸ್‌ಎಂಎಲ್ ಇವೆಲ್ಲ ಬರೀ ಮಾಹಿತಿ. ಡಿಎಲ್‌ಎಲ್, ಎಎಸ್‌ಐ, ಇಎಕ್ಸ್‌ಇ ಎಂದರೆ ನಿಮ್ಮ ಪಿಸಿಯಲ್ಲಿ ಓಡುವ ಪ್ರೋಗ್ರಾಂ. 2015ರ ಮೇ ತಿಂಗಳಲ್ಲಿ ‘ಆಂಗ್ರಿ ಪ್ಲೇನ್ಸ್’, ‘ನೋಕ್ಲಿಪ್’ ಎಂಬ ಎರಡು ಜಿಟಿಎ 5 ಮಾಡ್‌ಗಳೊಳಗೆ ಕೀಲಿಮಣೆಯಲ್ಲಿ ಒತ್ತಿದ್ದನ್ನು ಕದಿಯುವ ಮಾಲ್‌ವೇರ್ ಸಿಕ್ಕಿತ್ತು, ‘ಫೇಡ್.ಇಎಕ್ಸ್‌ಇ’ ಎಂಬ ಹೆಸರಿನಲ್ಲಿ. ಗ್ರಾಫಿಕ್ಸ್ ಪ್ಯಾಕ್ ನಿಮ್ಮ ‘ಜಿಟಿಎ5.ಇಎಕ್ಸ್‌ಇ’ಯನ್ನೇ ಬದಲಿಸಿದರೆ, ಅಥವಾ ವಿಂಡೋಸಿನ ಆಂಟಿವೈರಸ್ ಡಿಫೆಂಡರ್ ಆಫ್ ಮಾಡಿ ಎಂದರೆ, ಅಲ್ಲಿಗೇ ನಿಲ್ಲಿಸಿ. ಬಣ್ಣ ಬದಲಿಸಲು ಇವೆರಡೂ ಬೇಕಿಲ್ಲ. ಅದೇ ಪಿಸಿಯಲ್ಲಿ ಅಪ್ಪನ ನೆಟ್ ಬ್ಯಾಂಕಿಂಗ್ ಇರುತ್ತದೆ, ಮರೆಯಬೇಡಿ. ದುಡ್ಡಿನ ಮಾತಿಗೆ ಬಂದರೆ, ಈ ಮಾಡ್‌ಗಳಲ್ಲಿ ಬಹಳಷ್ಟು ಪುಕ್ಕಟೆ, ಕೆಲವನ್ನು ಮಾಡಿದವರೇ ಮಾರುತ್ತಾರೆ. ಅಂಗಡಿಯವನಿಗೆ ಕೊಟ್ಟ 500 ಅವರ ಕೈಗೆ ಹೋಗುವುದಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ 100 ಜಿಬಿ ಮತ್ತೆ ಇಳಿಸಬೇಡಿ. ಮೊದಲು ಡಾಕ್ಯುಮೆಂಟ್ಸ್ ಒಳಗಿನ ‘ರಾಕ್‌ಸ್ಟಾರ್ ಗೇಮ್ಸ್’, ಅದರೊಳಗಿನ ‘ಜಿಟಿಎ ವಿ’, ಅದರೊಳಗಿನ ‘ಪ್ರೊಫೈಲ್ಸ್’ ಫೋಲ್ಡರನ್ನು ಬೇರೆಡೆ ಕಾಪಿ ಮಾಡಿ, ಸೇವ್ ಫೈಲುಗಳಿರುವುದು ಅಲ್ಲಿ. ಸ್ಟೀಮ್ ಮುಚ್ಚಿ, ಗೇಮ್ ಫೋಲ್ಡರಿನ ಹೆಸರಿಗೆ ‘ಓಲ್ಡ್’ ಸೇರಿಸಿ, ಮೊದಲಿನ ಹೆಸರಿನಲ್ಲೇ ಹೊಸ ಖಾಲಿ ಫೋಲ್ಡರ್ ಮಾಡಿ. ಹಳೆಯದರಿಂದ ‘ಕಾಮನ್.ಆರ್‌ಪಿಎಫ್’, ‘ಎಕ್ಸ್64ಎ’ಯಿಂದ ‘ಎಕ್ಸ್64ಡಬ್ಲ್ಯೂ’ವರೆಗಿನ ಆರ್‌ಪಿಎಫ್‌ಗಳು, ‘ಎಕ್ಸ್64’ ಮತ್ತು ‘ಅಪ್‌ಡೇಟ್’ ಫೋಲ್ಡರುಗಳು, ಇಷ್ಟನ್ನೇ ಹೊಸದಕ್ಕೆ ಸಾಗಿಸಿ. ಒಂದೇ ಡ್ರೈವಾದರೆ ಕ್ಷಣದಲ್ಲಿ ಆಗುತ್ತದೆ. ಒಂದೂ ಡಿಎಲ್‌ಎಲ್ ತರಬೇಡಿ, ಇಎಕ್ಸ್‌ಇಯನ್ನೂ ತರಬೇಡಿ. ಆಮೇಲೆ ಸ್ಟೀಮಿನಲ್ಲಿ ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ. ಕೆಟ್ಟದ್ದು, ಇಲ್ಲದ್ದು ಮಾತ್ರ ಇಳಿಯುತ್ತದೆ. ‘ಅಪ್‌ಡೇಟ್’ ಒಳಗಿನ ‘ಡಿಎಲ್‌ಸಿಪ್ಯಾಕ್ಸ್’ನಲ್ಲಿ ಮಾಡಿನ ಫೋಲ್ಡರುಗಳು ಉಳಿದಿರಬಹುದು, ಡಿಎಲ್‌ಸಿ ಪಟ್ಟಿ ಮೊದಲಿನಂತಾಗಿರುವುದರಿಂದ ಆಟ ಅವನ್ನು ಓದುವುದಿಲ್ಲ, ಡಿಸ್ಕಿನ ಜಾಗ ಮಾತ್ರ ತಿನ್ನುತ್ತವೆ. ಪುರುಸೊತ್ತಾದಾಗ ತೆಗೆದರೆ ಸಾಕು.